ಹೆಸರು ಅಳಿಸಿದ ವಾಲ್ವು

ಪುಂಡಲೀಕ ಕೊಠಾರಕರನ ಬೆಂಚಿನ ಮೇಲೆ
ಎರಡು ವಾಲ್ವುಗಳು, ಹಳೇ ಬನಿಯನ್ನಿನ ತುಂಡಿನಲ್ಲಿ.
ಒಂದು ಹಾಲೆಂಡಿನದು, ನನಗಿಂತ ಒಂಬತ್ತು ವರ್ಷ ಹಿರಿದು,
ಅದಿರು ತುಂಬಲು ಬಂದ ಯಾವುದೋ ಹಡಗಿನ
ರೇಡಿಯೊ ಕೋಣೆಯಿಂದ
ಎರಡು ಕಿಲೊ ಸಿಗಡಿಗೆ ಕಾರವಾರದಲ್ಲಿ ಇಳಿದದ್ದು.
ಇನ್ನೊಂದು ಕಳೆದ ವಾರದ ಕೊರಿಯರಿನದು, ರಶಿಯಾದ್ದು,
ಥರ್ಮಾಕೋಲಿನ ಗುಂಡಿಯಲ್ಲಿ ಮಲಗಿ ಬಂತು.

'ಗಾಜು ಒರೆಸು' ಅಂದ. ಒರೆಸಿದೆ.
ಉಪ್ಪಿನ ಜೊತೆ ಹೆಸರೂ ಬಟ್ಟೆಗೆ ಬಂತು,
ಹಳದಿ ಅಕ್ಷರ, ಗುರಾಣಿಯ ಗುರುತು, ಎಲ್ಲ.
ಬೈಯಲಿಲ್ಲ. ಬೆಳಕಿಗೆ ಹಿಡಿದು
ನೆತ್ತಿಯ ಬೆಳ್ಳಿ ಮಚ್ಚೆ ತೋರಿಸಿದ:
'ಇದು ಹೊಳೆಯುವವರೆಗೆ ಒಳಗೆ ಏನೂ ಇಲ್ಲ ಅಂತ ಲೆಕ್ಕ.
ಹಾಲಿನ ಹಾಗೆ ಬೆಳ್ಳಗಾಯಿತೋ, ಗಾಳಿ ಹೊಕ್ಕಿತು.
ನಮಗೆ ಉಸಿರು ನಿಂತರೆ ಸಾವು,
ಇದಕ್ಕೆ ಉಸಿರು ಬಂದರೆ.'

ಮೊದಲು ಹೊಸತು. ಬಿಸಿಯಾಗಲು ಬಿಟ್ಟೆವು.
ತಟ್ಟೆಯಲ್ಲಿ ಯಾರೋ ನಾಟಕದ ಹೆಂಗಸು, ಮರಾಠಿ,
ಲೇಬಲ್ಲು ಗೆದ್ದಲಿಗೆ ಹೋಗಿದೆ.
ಎಲ್ಲ ಕೇಳಿಸಿತು: ಹಾರ್ಮೋನಿಯಂ ತಿದಿಯ ಚರ್ಮ,
ತಬಲಾದವನ ಉಂಗುರ ಅಂಚಿಗೆ ತಾಗಿದ್ದು,
ಮೂರನೇ ಸಾಲಿಗೆ ಮುಂಚೆ ಆಕೆ ಉಗುಳು ನುಂಗಿದ್ದು.
ನವೆಂಬರಿನ ಬೆಳಗು ಅದು, ದಂಡೆಯಲ್ಲಿ ನಿಂತೇ
ದೇವಗಡದ ದೀಪಸ್ತಂಭದ ಕಿಟಕಿ ಎಣಿಸಬಹುದು.

ಆಮೇಲೆ ಹಳತು.
ಮೊದಲು ಕೇಳಿದ್ದು ಗುಂಯ್ ಅನ್ನುವ ಅದರ ಗೊಣಗು.
ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ
ಕಂಪ್ರೆಸರಿನ ಪಕ್ಕ ನಿಂತ ಕಿವಿ ನನ್ನದು,
ಆ ಗುಂಯ್ ಅದಕ್ಕೆ ಸೋದರಮಾವನ ಮನೆ.
ಉಂಗುರ ಇಲ್ಲ. ಉಗುಳೂ ಇಲ್ಲ.
ಆದರೆ ಹೆಂಗಸು ಒಂದು ಹೆಜ್ಜೆ ಈಚೆ ಬಂದು
ಬೆಂಚಿನ ಅಂಚಿಗೆ ಕೂತಳು. ದನಿ
ಮರುದಿನದ ಮೀನುಸಾರು: ಹುಳಿ ಎಲ್ಲಿ ಮುಗಿಯಿತು,
ಖಾರ ಎಲ್ಲಿ ಶುರುವಾಯಿತು, ಕೇಳಬೇಡಿ.

'ಕಡೆಗೂ ಹಳೆಯದೇ ಹಳೆಯದು' ಅಂದೆ.

ಅವನು ಒಪ್ಪಲಿಲ್ಲ.
'ಅರ್ಗಾದಲ್ಲಿ ಕೇಳಬೇಕಿತ್ತು ನೀನು.
ಚಿರೆಕಲ್ಲಿನ ಗೋಡೆ, ಸಗಣಿ ನೆಲ, ಮೂಲೆಯಲ್ಲಿ ಬಲೆಯ ರಾಶಿ.
ಕೀಚಲನ್ನೆಲ್ಲ ಬಲೆಯೇ ನುಂಗುತ್ತಿತ್ತು.
ಈಗ ಅಲ್ಲಿ ನೌಕಾನೆಲೆಯ ಗೋಡೆ, ಒಳಗೆ ನಮ್ಮ ಬಾವಿ.
ಇಲ್ಲಿ ಈ ಕಾಲನಿಯ ಸಿಮೆಂಟು, ಮೇಲೆ ತಗಡು.
ಅದೇ ವಾಲ್ವು, ಅದೇ ತಟ್ಟೆ;
ಅದೇ ಪುಂಡಲೀಕ ಅನ್ನೋಣ ಅಂದರೆ ಎಡಗಿವಿ ಬಿಡುವುದಿಲ್ಲ.
ಗಾಜಿನಲ್ಲಿ ಏನು ಹುಡುಕುತ್ತೀಯೋ?
ನಿನಗೆ ಸಿಹಿ ಅನಿಸಿದ್ದು ಇದರ ಮುಪ್ಪು.
ಪ್ರಾಯದಲ್ಲಿ ಇದೂ ಉಂಗುರದ ಚಾಡಿ ಹೇಳುತ್ತಿತ್ತು.'

ಮತ್ತೆ ಹೊಸತು. ಮತ್ತೆ ಹಳತು.
ವೋಲ್ಟೇಜು ಇಳಿದಾಗ ಎರಡೂ ಒಂದೇ ಥರ ಮಂಕಾದವು,
ಏರಿದಾಗ ಹಳತು ಸ್ವಲ್ಪ ತಡವಾಗಿ ಎದ್ದಿತು,
ಅಥವಾ ನನಗೆ ಹಾಗನಿಸಿತು.
ಬಿಸಿ ಗಾಜು ಕೀಳುವಾಗ ಹೆಬ್ಬೆರಳು ಸುಟ್ಟುಕೊಂಡ,
ಬಾಯಲ್ಲಿಟ್ಟುಕೊಂಡೇ ಇನ್ನೊಂದು ಸಿಕ್ಕಿಸಿದ.

ಅಡುಗೆ ಕೋಣೆಯಿಂದ ಸುಲಕ್ಷಾಬಾಯಿ,
ಕೈಯಲ್ಲಿ ಬಾಂಗಡೆಯ ಕಿವಿರು, ಬಾಗಿಲಿಗೆ ಬಂದಳು.
'ಬೆಳಗಿಂದ ಆ ಹೆಂಗಸಿನ ಬಾಯಿ
ಮೂರನೇ ಸಾಲಿಗೇ ಕಟ್ಟುತ್ತಾ ಇದ್ದೀರಿ.
ಆಮೇಲೆ ಏನು ಹಾಡ್ತಾಳೆ ಅವಳು?'

ನಾವು ಮುಖ ಮುಖ ನೋಡಿಕೊಂಡೆವು.
ಮುಳ್ಳು ಮೊದಲಿಗೆ ಇಟ್ಟ ಪುಂಡಲೀಕ.
ಹಾಡು ಮುಂದೆ ಹೋಯಿತು, ನಾಲ್ಕನೇ ಸಾಲು, ಐದನೆಯದು,
ಅಲ್ಲಿ ಆಕೆ ಒಂದು ಕಡೆ ತಪ್ಪಿದಳು,
ತಪ್ಪಿದ್ದನ್ನು ತಾನಿಗೆ ತಿರುಗಿಸಿ ದಾಟಿಸಿಬಿಟ್ಟಳು,
ಬಾಗಿಲಲ್ಲಿ ಸುಲಕ್ಷಾಬಾಯಿ 'ಕಳ್ಳಿ' ಅಂತ ನಕ್ಕಳು.
ಮುಳ್ಳು ನಡುವಿನ ಕಾಗದಕ್ಕೆ ಹೋಗಿ
ಕರಕರ ಅನ್ನುವವರೆಗೆ ಯಾರೂ ಏಳಲಿಲ್ಲ.

ಆಗ ಸಾಕೆಟ್ಟಿನಲ್ಲಿ ಇದ್ದದ್ದು ಯಾವುದು?
ಹಳದಿ ಅಕ್ಷರ ನನ್ನ ಜೇಬಿನ ಬಟ್ಟೆಯಲ್ಲಿತ್ತು.
ಮಚ್ಚೆ ನೋಡಿದ್ದರೆ ತಿಳಿಯುತ್ತಿತ್ತು.
ಬಾಂಗಡೆ ಎಣ್ಣೆಗೆ ಬಿದ್ದ ಸದ್ದಾಯಿತು, ಎದ್ದು ಹೋದೆವು.